ದಾಸೋಹದ ಹಣ ಎಲ್ಲಿಗೆ ಸಲ್ಲಬೇಕು? ಸೇವಾಸಂಸ್ಥೆಗಳನ್ನು ಆರಿಸಿಕೊಳ್ಳುವ ಬಗೆ

ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಶರಣಪರಂಪರೆಯಲ್ಲಿ ಬೆಳೆದ ಸದ್ಭಕ್ತರಿಗೆ ವಿವರಿಸಬೇಕಾಗಿಲ್ಲ. ಕೊಟ್ಟವನು ಮೇಲೆ, ಪಡೆದವನು ಕೆಳಗೆ ಎಂಬ ಭಾವ ದಾನದಲ್ಲಿ ಉಳಿಯಬಹುದು. ದಾಸೋಹದಲ್ಲಿ ಅದಕ್ಕೆ ಎಡೆಯಿಲ್ಲ. ಆದರೆ ಸಲ್ಲಿಸಿದ್ದು ತಲುಪಬೇಕಾದಲ್ಲಿಗೆ ತಲುಪಿತೇ ಎಂದು ವಿಚಾರಿಸುವುದು ಭಕ್ತಿಗೆ ಕುಂದು ಎಂದು ಭಾವಿಸುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಸಾಮಾನ್ಯವಾಗಿ ಅದನ್ನು ಆಸೆಯ ವಿರುದ್ಧದ ಪಾಠವೆಂದು ಓದುತ್ತೇವೆ. ಅದರಲ್ಲಿ ಇನ್ನೊಂದು ಅಂಶವೂ ಅಡಗಿದೆ: ಆ ದಾಸೋಹದ ಮನೆಯಲ್ಲಿ ಅಳತೆ ಇತ್ತು, ಕೇಳುವವರಿದ್ದರು, ಕೇಳಿದ್ದನ್ನು ಯಾರೂ ಅಪನಂಬಿಕೆ ಎಂದು ತಿಳಿಯಲಿಲ್ಲ.

2024ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಅರೇಬಿಕಾ ಕಾಫಿಯ ಧಾರಣೆ 1977ರ ದಾಖಲೆಯನ್ನು ದಾಟಿತು. ಆ ಬಳಿಕ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದ ಬೆಳೆಗಾರರು ಶ್ರೀಮಠದ ಕಾರ್ಯಾಲಯಕ್ಕೆ ಬಂದಾಗ, ಒಳ್ಳೆಯ ಕೆಲಸಕ್ಕೆ ಏನಾದರೂ ಕೊಡಬೇಕೆಂದಿದ್ದೇವೆ, ಯಾರಿಗೆ ಕೊಟ್ಟರೆ ಸಾರ್ಥಕ ಎಂದು ಕೇಳುವುದು ಹೆಚ್ಚಾಗಿದೆ. ಅವರೆಲ್ಲರ ಉಪಯೋಗಕ್ಕಾಗಿ ಈ ವಿವರಗಳನ್ನು ಒಂದೆಡೆ ಸಂಗ್ರಹಿಸಿದ್ದೇವೆ. ಇಂಥ ಸಂಸ್ಥೆಗೇ ಕೊಡಿ ಎಂದು ಇಲ್ಲಿ ಹೇಳಿಲ್ಲ. ಆರಿಸಿಕೊಳ್ಳುವ ಹೊಣೆ ಕೊಡುವವರದು.

ಮೊದಲು ಕೊರತೆ, ಆಮೇಲೆ ಸಂಸ್ಥೆ

ಬಹುತೇಕರು ಮೊದಲು ಸಂಸ್ಥೆಯ ಹೆಸರನ್ನು ವಿಚಾರಿಸುತ್ತಾರೆ. ಅದಕ್ಕಿಂತ ಮುಂಚೆ ಕೇಳಬೇಕಾದದ್ದು, ಈ ಕೊರತೆಯನ್ನು ಬೇರೆ ಯಾರಾದರೂ ಈಗಾಗಲೇ ತುಂಬುತ್ತಿದ್ದಾರೆಯೇ ಎಂಬುದು. ವೈದ್ಯಕೀಯ ನೆರವನ್ನೇ ತೆಗೆದುಕೊಳ್ಳೋಣ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಆ ಯೋಜನೆಯಡಿ ನಡೆಯಬಹುದಾದ ಶಸ್ತ್ರಚಿಕಿತ್ಸೆಗೆ ನಾವು ಹಣ ಕೂಡಿಸಿ ಕೊಟ್ಟರೆ, ಸರ್ಕಾರ ಕೊಡಬೇಕಾದುದನ್ನು ನಾವು ಕೊಟ್ಟಂತಾಯಿತೇ ಹೊರತು ರೋಗಿಗೆ ಹೆಚ್ಚಿನದೇನೂ ದೊರೆಯಲಿಲ್ಲ.

ಯೋಜನೆ ತುಂಬದ ಜಾಗ ಬೇರೆ ಇದೆ. ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 90 ಕಿಲೋಮೀಟರ್ ಘಟ್ಟದ ದಾರಿ. ಕಾಯಿಲೆ ಗಂಭೀರವಾದರೆ ಮಂಗಳೂರಿಗೋ ಮಣಿಪಾಲಕ್ಕೋ ಇಳಿಯಬೇಕು. ಡಯಾಲಿಸಿಸ್ ರೋಗಿ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಬಾರಿ, ಪ್ರತಿ ಸಲ ನಾಲ್ಕು ಗಂಟೆ ಯಂತ್ರದ ಬಳಿ ಇರಬೇಕಾಗುತ್ತದೆ. ಚಿಕಿತ್ಸೆ ಉಚಿತವಾದರೂ ವಾಹನದ ಬಾಡಿಗೆ, ಜೊತೆಗೆ ಬಂದವರ ಊಟ, ಅಷ್ಟು ದಿನಗಳ ಕೂಲಿ ಉಚಿತವಲ್ಲ. ತೋಟದ ಲೈನ್ ಮನೆಗಳಲ್ಲಿ ವಾಸಿಸುವ ಕುಟುಂಬ ಚಿಕಿತ್ಸೆಯನ್ನು ನಡುವೆ ಕೈಬಿಡುವುದು ಬಹಳ ಸಲ ಈ ಕಾರಣಕ್ಕೆ. ಹೊರರಾಜ್ಯದಿಂದ ಬಂದ ಕಾರ್ಮಿಕರಿಗೆ ಭಾಷೆಯ ತೊಡಕು ಬೇರೆ. ಇಂಥಲ್ಲಿ ಒಂದು ವಾಹನವನ್ನು ನಡೆಸುವ, ಆಸ್ಪತ್ರೆಯಲ್ಲಿ ಕಾಗದಪತ್ರ ಮಾಡಿಸಿಕೊಡುವ ಸಣ್ಣ ಸಂಸ್ಥೆಗೆ ಸಂದ ಹತ್ತು ಸಾವಿರ ರೂಪಾಯಿ, ದೊಡ್ಡ ಆಸ್ಪತ್ರೆಯ ಕಟ್ಟಡ ನಿಧಿಗೆ ಸಂದ ಹತ್ತು ಸಾವಿರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆಂಬುದು ನಮ್ಮ ಅಭಿಪ್ರಾಯ. ವಿದ್ಯಾರ್ಥಿವೇತನದ ವಿಷಯವೂ ಹೀಗೆಯೇ: ಅರ್ಜಿ ಹಾಕಿಸಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿಕೊಟ್ಟವರು ಹಣ ಕೊಟ್ಟವರಷ್ಟೇ ಉಪಕಾರಿಗಳು.

ಕಾಲದ ಮಾತನ್ನೂ ಇಲ್ಲಿಯೇ ಹೇಳಬೇಕು. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ತೊಡಗಿ ರೊಬಸ್ಟಾ ಕೊಯ್ಲು ಮಾರ್ಚಿನವರೆಗೆ ಸಾಗುತ್ತದೆ. ಬೆಳೆಗಾರರ ಕೈಯಲ್ಲಿ ಹಣ ಓಡಾಡುವುದೂ, ಕೊಡುವ ಮನಸ್ಸು ಮೂಡುವುದೂ ಆಗಲೇ. ಬಡವರ ಮನೆಯ ಕಷ್ಟ ಏರುವುದು ಜೂನ್, ಜುಲೈ ತಿಂಗಳಲ್ಲಿ. ಶಾಲೆ ತೆರೆದಿರುತ್ತದೆ, ಜಡಿಮಳೆಗೆ ಕೂಲಿ ತಪ್ಪಿರುತ್ತದೆ, ಜ್ವರ ಹಿಡಿದಿರುತ್ತದೆ. ಬೇಸಿಗೆಯಲ್ಲಿ ಕೊಡುವಾಗಲೇ ಇದು ಮಳೆಗಾಲದ ಖರ್ಚಿಗೆ ಎಂದು ಬರೆದು ಕೊಡಬಹುದು.

2019ರ ಆಗಸ್ಟ್ ಕಲಿಸಿದ್ದು

2019ರ ಆಗಸ್ಟ್ ಮಳೆಯನ್ನು ಈ ಭಾಗದವರು ಮರೆತಿಲ್ಲ. ಮೂಡಿಗೆರೆ ಸೀಮೆಯ ಮಲೆಮನೆ, ಮಧುಗುಂಡಿ ಮುಂತಾದ ಊರುಗಳಲ್ಲಿ ಗುಡ್ಡ ಜರಿದು ಮನೆ, ತೋಟ, ಗದ್ದೆಗಳು ನಾಶವಾದವು. ಚಾರ್ಮಾಡಿ ಘಟ್ಟದಲ್ಲಿ ಸಂಚಾರ ನಿಂತಿತು. ಭದ್ರೆ ಉಕ್ಕಿ ಕಳಸ–ಹೊರನಾಡು ನಡುವಣ ಹೆಬ್ಬಾಳೆ ಸೇತುವೆ ಮುಳುಗಿತು. ಅದರ ಹಿಂದಿನ ವರ್ಷ ಕೊಡಗು ಇಂಥದ್ದೇ ಸಂಕಟವನ್ನು ಕಂಡಿತ್ತು.

ಇಂಥ ಹೊತ್ತಿನಲ್ಲಿ ನಾಡಿನ ಜನ ಕೈ ಬಿಚ್ಚಿ ಕೊಡುತ್ತಾರೆ. ಅದು ನಮ್ಮ ನಾಡಿನ ಹಿರಿಮೆಯೇ ಸರಿ. ಆದರೆ ಮೊದಲ ವಾರದಲ್ಲಿ ಲಾರಿಗಟ್ಟಲೆ ಬರುವುದು ಹಳೆಯ ಬಟ್ಟೆ, ಬಿಸ್ಕತ್ತು, ನೀರಿನ ಬಾಟಲಿ. ಅವನ್ನು ಇಳಿಸಲು, ವಿಂಗಡಿಸಲು, ಒದ್ದೆಯಾಗದಂತೆ ಇಡಲು ಜನವೂ ಜಾಗವೂ ಬೇಕು. ಆ ಜನ ಅಷ್ಟು ಹೊತ್ತು ಬೇರೆ ಕೆಲಸಕ್ಕೆ ದೊರೆಯುವುದಿಲ್ಲ. ಉಡಲಾಗದ ಬಟ್ಟೆ ಕೊನೆಗೆ ಕಸವಾಗುತ್ತದೆ. ಮನೆ ಕಳೆದುಕೊಂಡವರ ಮುಂದೆ ಹರಿದ ಸೀರೆಯ ಗಂಟನ್ನು ಬಿಚ್ಚಿಡುವುದು ದಾಸೋಹವೆನಿಸದು.

ಕೊರತೆ ಗಾಢವಾಗುವುದು ಮೂರು ತಿಂಗಳ ನಂತರ. ಕ್ಯಾಮೆರಾಗಳು ಹೊರಟುಹೋಗಿರುತ್ತವೆ. ಬಾಡಿಗೆ ಮನೆಯ ಮುಂಗಡ, ಕೊಚ್ಚಿಹೋದ ದಾಖಲೆಗಳ ನಕಲು, ಪರಿಹಾರದ ಅರ್ಜಿ, ಮಕ್ಕಳ ಶಾಲೆ ಬದಲಾವಣೆ, ಮಣ್ಣು ತುಂಬಿದ ಗದ್ದೆಯನ್ನು ಮತ್ತೆ ಗದ್ದೆಯಾಗಿಸುವುದು ಮುಂತಾದ ಕೆಲಸಗಳು ಒಂದೊಂದಾಗಿ ಎದುರಾಗುತ್ತವೆ. ಮಲೆಮನೆಯ ಸಂತ್ರಸ್ತರ ಪುನರ್ವಸತಿ ವರ್ಷಗಟ್ಟಲೆ ಎಳೆದುದನ್ನು ಈ ಭಾಗದವರೆಲ್ಲ ಬಲ್ಲರು. ಆದ್ದರಿಂದ ವಿಪತ್ತಿನ ಸಮಯದಲ್ಲಿ ಕೊಡಬೇಕೆಂದಿರುವ ಮೊತ್ತದ ಅರ್ಧವನ್ನಾದರೂ ಆರು ತಿಂಗಳ ನಂತರಕ್ಕೆ ಕಾದಿರಿಸುವುದು ಉಚಿತ. ಆಗಲೂ ಆ ಊರಿನಲ್ಲಿ ಯಾರು ಓಡಾಡಿಕೊಂಡಿದ್ದಾರೆಂದು ನೋಡಿದರೆ ಯಾವ ಸಂಸ್ಥೆಗೆ ಕೊಡಬೇಕೆಂಬುದು ತಾನಾಗಿ ತಿಳಿಯುತ್ತದೆ.

ಹಾಗೆಂದು ವಸ್ತುರೂಪದ ಕಾಣಿಕೆಯೆಲ್ಲ ವ್ಯರ್ಥವೆಂದಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಲಿಂಗೈಕ್ಯ ಡಾ. ಶಿವಕುಮಾರ ಮಹಾಸ್ವಾಮಿಗಳ ಕಾಲದಿಂದ ಸಾವಿರಾರು ಮಕ್ಕಳಿಗೆ ನಿತ್ಯ ಅನ್ನ, ಆಶ್ರಯ, ವಿದ್ಯೆ ನಡೆದುಬಂದಿದೆ. ಹೊರನಾಡಿನ ಅನ್ನಪೂರ್ಣೇಶ್ವರಿ ಸನ್ನಿಧಿಯಲ್ಲಿ ಬಂದವರಿಗೆಲ್ಲ ಊಟವಿದೆ. ನಿತ್ಯ ಇಷ್ಟು ಅಕ್ಕಿ ಬೇಕೆಂಬ ಲೆಕ್ಕವೂ ಕಾಪಿಡುವ ಉಗ್ರಾಣವೂ ಇರುವಲ್ಲಿ ಧಾನ್ಯ ಕೊಟ್ಟರೆ ಒಂದು ಕಾಳೂ ಕೆಡುವುದಿಲ್ಲ.

ಶಾಶ್ವತ ಸೇವೆಯ ಲೆಕ್ಕ

ಈ ವಿಷಯದಲ್ಲಿ ತುಸು ನಿಷ್ಠುರವಾಗಿಯೇ ಬರೆಯಬೇಕಾಗಿದೆ. ತಂದೆತಾಯಿಗಳ ಸ್ಮರಣೆಗಾಗಿ ಮಠ, ದೇವಾಲಯ, ವಿದ್ಯಾಸಂಸ್ಥೆಗಳಲ್ಲಿ ಒಂದು ಮೊತ್ತವನ್ನು ಇರಿಸಿ, ಅದರ ಬಡ್ಡಿಯಿಂದ ಪ್ರತಿವರ್ಷ ಒಂದು ದಿನ ಅನ್ನದಾಸೋಹ ನಡೆಯಲಿ ಎಂದು ಸಂಕಲ್ಪಿಸುವುದು ಎಲ್ಲೆಡೆ ರೂಢಿಯಲ್ಲಿದೆ. ಉದಾಹರಣೆಗೆ 25,000 ರೂಪಾಯಿ ಇರಿಸಿದರೆಂದೂ ಬಡ್ಡಿ ನೂರಕ್ಕೆ 7 ಎಂದೂ ಇಟ್ಟುಕೊಳ್ಳೋಣ. ವರ್ಷಕ್ಕೆ ಬರುವುದು 1,750 ರೂಪಾಯಿ. ಒಂದು ಊಟಕ್ಕೆ 50 ರೂಪಾಯಿಯಾದರೆ 35 ಜನರ ಊಟ. ಬೆಲೆಗಳು ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಊಟದ ವೆಚ್ಚ ಇಮ್ಮಡಿಯಾಗುತ್ತದೆ. ಆಗ ಅದೇ ಬಡ್ಡಿಗೆ 17 ಜನರ ಊಟ. ಫಲಕದ ಮೇಲೆ ಶಾಶ್ವತ ಎಂಬ ಪದ ಉಳಿದಿರುತ್ತದೆ, ಪಂಕ್ತಿ ಮಾತ್ರ ಕಿರಿದಾಗುತ್ತ ಹೋಗುತ್ತದೆ. ಬಡ್ಡಿಯ ಒಂದಂಶವನ್ನು ಮೂಲನಿಧಿಗೇ ಮರಳಿ ಸೇರಿಸುವ ಕ್ರಮ ಆ ಸಂಸ್ಥೆಯಲ್ಲಿ ಇದೆಯೇ ಎಂದು ದತ್ತಿ ಇರಿಸುವ ಮುನ್ನ ಕೇಳಬೇಕು. ನಮ್ಮ ಶ್ರೀಮಠವನ್ನೂ ಕೇಳಬೇಕು.

ಕಟ್ಟಡಗಳ ಮಾತೂ ಇದಕ್ಕೆ ಸೇರಿದ್ದು. ಸಮುದಾಯ ಭವನ ಕಟ್ಟಿಸಲು ದಾನಿಗಳು ದೊರೆಯುತ್ತಾರೆ, ಅದರ ಸೋರುವ ಮಾಡನ್ನು ಐದನೆಯ ವರ್ಷ ರಿಪೇರಿ ಮಾಡಿಸಲು ದೊರೆಯುವುದಿಲ್ಲ. ಮಲೆನಾಡಿನ ಮಳೆಗೆ ಗೋಡೆ ಪಾಚಿಗಟ್ಟುತ್ತದೆ, ತಗಡು ತುಕ್ಕು ಹಿಡಿಯುತ್ತದೆ. ಅಡುಗೆಯವರ ಸಂಬಳ, ವಿದ್ಯುತ್ ಬಿಲ್ಲು, ಶೌಚಾಲಯದ ನಿರ್ವಹಣೆ ಇವುಗಳಿಗೆ ಅಮೃತಶಿಲೆಯ ಫಲಕ ಹಾಕಿಸುವ ಪದ್ಧತಿ ಇಲ್ಲವಷ್ಟೆ. ಹೆಸರಿಲ್ಲದ ಈ ಖರ್ಚುಗಳಿಗೆ ತಿಂಗಳಿಗೆ ಐನೂರು ರೂಪಾಯಿ ತಪ್ಪದೆ ಕಳುಹಿಸುವವರು ವಿದ್ಯಾರ್ಥಿನಿಲಯವನ್ನು ನಿಜವಾಗಿ ನಡೆಸುವವರು.

ಸಂಸ್ಥೆಯನ್ನು ಕೇಳಬೇಕಾದದ್ದು

ನಮ್ಮ ರಾಜ್ಯದಲ್ಲಿ ಸೇವಾಸಂಸ್ಥೆಗಳು ಸಾಮಾನ್ಯವಾಗಿ ಟ್ರಸ್ಟ್ ಆಗಿಯೋ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿಯ ಸಂಘವಾಗಿಯೋ, 2013ರ ಕಂಪನಿ ಕಾಯ್ದೆಯ 8ನೇ ಕಲಂನಡಿ ಲಾಭರಹಿತ ಕಂಪನಿಯಾಗಿಯೋ ನೋಂದಣಿಯಾಗಿರುತ್ತವೆ. ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿಯೂ ಹಲವು ಸಂಸ್ಥೆಗಳ ವಿವರ ಸಿಗುತ್ತದೆ. ಆದರೆ ನೋಂದಣಿ ಎಂದರೆ ಸಂಸ್ಥೆ ಇದೆ ಎಂಬುದಕ್ಕೆ ಸಾಕ್ಷಿ, ಕೆಲಸ ಚೆನ್ನಾಗಿದೆ ಎಂಬುದಕ್ಕಲ್ಲ. ಕಳೆದ ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿಯನ್ನು ಕೇಳಿ ಪಡೆಯಬೇಕು. ಯುಪಿಐ ಮೂಲಕ ಕಳುಹಿಸುವಾಗ ತೆರೆಯ ಮೇಲೆ ಮೂಡುವ ಹೆಸರು ಸಂಸ್ಥೆಯದೇ, ಯಾವುದೋ ವ್ಯಕ್ತಿಯದೇ ಎಂದು ನೋಡಿಕೊಳ್ಳಬೇಕು. ಮಳೆ, ನೆರೆಯ ಸುದ್ದಿ ಹರಡಿದ ದಿನಗಳಲ್ಲಿ ಇದು ಇನ್ನಷ್ಟು ಅಗತ್ಯ.

ಆಡಳಿತ ವೆಚ್ಚ ಕಡಿಮೆಯಿದ್ದಷ್ಟೂ ಸಂಸ್ಥೆ ಒಳ್ಳೆಯದೆಂಬ ನಂಬಿಕೆ ವ್ಯಾಪಕವಾಗಿದೆ. ನಾವು ಇದನ್ನು ಪೂರ್ಣವಾಗಿ ಒಪ್ಪುವುದಿಲ್ಲ. ಒಂದು ಸಂಸ್ಥೆ ಕಚೇರಿಗೆ ನೂರಕ್ಕೆ 5 ಮಾತ್ರ ಖರ್ಚು ಮಾಡಿ, ಈಗಾಗಲೇ ಚೀಲವಿರುವ ಮಕ್ಕಳಿಗೆ ಇನ್ನೊಂದು ಶಾಲಾಚೀಲ ಹಂಚಬಹುದು. ಇನ್ನೊಂದು ನೂರಕ್ಕೆ 20 ಖರ್ಚು ಮಾಡಿ, ಒಬ್ಬ ಲೆಕ್ಕಿಗನನ್ನೂ ಮನೆಮನೆಗೆ ಹೋಗುವ ಒಬ್ಬ ಕಾರ್ಯಕರ್ತೆಯನ್ನೂ ಇಟ್ಟುಕೊಂಡು, ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಕರೆತರಬಹುದು. ಎಷ್ಟು ಹಣ ಹಂಚಿದಿರಿ ಎನ್ನುವುದಕ್ಕಿಂತ, ಹಂಚಿದ್ದರಿಂದ ಏನು ಬದಲಾಯಿತು ಎಂದು ಕೇಳುವುದು ಮೇಲು. ಅಮೆರಿಕದಲ್ಲಿ 2007ರಲ್ಲಿ ಆರಂಭವಾದ ಗಿವ್‌ವೆಲ್ ಎಂಬ ಸಂಸ್ಥೆ ಇದನ್ನೇ ಕಸುಬಾಗಿ ಮಾಡಿಕೊಂಡು, ಇಷ್ಟು ಹಣಕ್ಕೆ ಎಷ್ಟು ಜೀವಗಳಿಗೆ ಒಳಿತಾಯಿತೆಂದು ಅಳೆದು, ಮಲೇರಿಯಾ ತಡೆಯುವ ಸೊಳ್ಳೆಪರದೆಯಂಥ ಸರಳ ಕೆಲಸಗಳನ್ನು ಮುಂದಿಟ್ಟಿತು. ಆ ಅಳತೆಗೆ ಸಿಕ್ಕದ ಸೇವೆಗಳೂ ಉಂಟು. ಒಂಟಿಯಾಗಿರುವ ಮುದುಕಿಯ ಮನೆಗೆ ಊಟ ಮುಟ್ಟಿಸುವುದನ್ನು ಯಾವ ಕೋಷ್ಟಕಕ್ಕೆ ಹಾಕುವುದು? ಆದರೂ ಕೇಳುವ ಅಭ್ಯಾಸ ಒಳ್ಳೆಯದು. ಕಳೆದ ವರ್ಷ ಯಾವ ಕೆಲಸ ಕೈಗೂಡಲಿಲ್ಲ ಎಂದು ಕೇಳಿ ನೋಡಬೇಕು. ಅದಕ್ಕೆ ನೇರವಾಗಿ ಉತ್ತರಿಸುವ ಸಂಸ್ಥೆಯನ್ನು ಹೆಚ್ಚು ನಂಬಬಹುದು.

ತೆರಿಗೆ ಮತ್ತು ವಿದೇಶದಲ್ಲಿರುವ ಮಕ್ಕಳು

1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಎಂಬ ಹೆಸರಿನಿಂದ ಪರಿಚಿತವಾದ ವಿನಾಯಿತಿಯಲ್ಲಿ, ಮಾನ್ಯತೆ ಪಡೆದ ಸಾಮಾನ್ಯ ಸಂಸ್ಥೆಗೆ ಕೊಟ್ಟ ಮೊತ್ತದ ಅರ್ಧಕ್ಕೆ, ಆದಾಯಕ್ಕೆ ಅನುಗುಣವಾದ ಮಿತಿಯೊಳಗೆ, ಕಡಿತ ದೊರೆಯುತ್ತದೆ. 2025ರ ಹೊಸ ಕಾಯ್ದೆಯಲ್ಲಿ ಕಲಂ ಸಂಖ್ಯೆ ಬೇರೆ. 2,000 ರೂಪಾಯಿ ಮೀರಿದ ನಗದು ಕಾಣಿಕೆಗೆ ಕಡಿತವಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೂ ಇಲ್ಲ. ಕಾಫಿಯನ್ನು ಸಂಸ್ಕರಿಸದೆ ಮಾರುವ ಸಣ್ಣ ಬೆಳೆಗಾರರ ಆದಾಯ ಕೃಷಿ ಆದಾಯವಾದ್ದರಿಂದ ಅವರಿಗೆ ಈ ರಸೀದಿಯಿಂದ ವಿಶೇಷ ಲಾಭವಿಲ್ಲ, ಆದರೂ ರಸೀದಿ ಪಡೆಯಬೇಕು. ಇನ್ನೊಂದು ಅಂಶ ನಮ್ಮವರಿಗೆ ತಿಳಿದಿರಲಿ: ಒಂದು ನಿರ್ದಿಷ್ಟ ಧರ್ಮದ ಅಥವಾ ಜಾತಿಯ ಜನರ ಪ್ರಯೋಜನಕ್ಕೆಂದೇ ಸ್ಥಾಪಿತವಾದ ಸಂಸ್ಥೆಗೆ 80ಜಿ ಮಾನ್ಯತೆ ಸಿಗುವುದಿಲ್ಲ, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಇರುವ ಸಂಸ್ಥೆಗಳಿಗೆ ಈ ನಿರ್ಬಂಧವಿಲ್ಲ. ವಿದ್ಯಾರ್ಥಿನಿಲಯದ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂಬುದು ಶರಣರ ನಿಲುವು. ಕಾನೂನು ಈಚೆಗೆ ಅದೇ ಮಾತಿಗೆ ಬಂದಿದೆ.

ಮಕ್ಕಳು ವಿದೇಶದಲ್ಲಿರುವ ಕುಟುಂಬಗಳು ಪೌರತ್ವವನ್ನು ಗಮನಿಸಬೇಕು. ಭಾರತದ ಪಾಸ್‌ಪೋರ್ಟ್ ಹೊಂದಿರುವವರು ತಮ್ಮ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ಕಾಣಿಕೆ, ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದನ್ನು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಅನುಮತಿ ಇರುವ ಸಂಸ್ಥೆ ಮಾತ್ರ ಪಡೆಯಬಹುದು. 2020ರ ತಿದ್ದುಪಡಿಯ ಪ್ರಕಾರ ಆ ಹಣ ಮೊದಲು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಅನುಮತಿ ಇಲ್ಲದ ಸಣ್ಣ ಸಂಸ್ಥೆಯೊಂದರ ಖಾತೆಗೆ ಪ್ರೀತಿಯಿಂದ ಡಾಲರ್ ಕಳುಹಿಸಿದರೆ ತೊಂದರೆಗೆ ಸಿಲುಕುವುದು ಆ ಸಂಸ್ಥೆ.

ಸಂಸ್ಥೆಯೊಂದರ ಲೆಕ್ಕಪತ್ರ, ನೋಂದಣಿ ಪತ್ರಗಳನ್ನು ಓದಿ ತಿಳಿಯುವಲ್ಲಿ ನೆರವು ಬೇಕಾದ ಸದ್ಭಕ್ತರು ಅವುಗಳ ನಕಲನ್ನು ಶ್ರೀಮಠದ ಕಾರ್ಯಾಲಯಕ್ಕೆ ತರಬಹುದು. ಶ್ರೀಮಠದ ಲೆಕ್ಕಪತ್ರವನ್ನು ನೋಡಬಯಸುವವರಿಗೂ ಅದೇ ಮೇಜಿನ ಮೇಲೆ ಅವಕಾಶವಿದೆ.