ಅತಿವ್ಯಾಪ್ತಿಯೂ ವ್ಯಭಿಚಾರವೂ: ಹಿರೇಹಡಗಲಿಯ ತಾಮ್ರಶಾಸನವನ್ನು ಕುರಿತ ಒಂದು ವಿಚಾರ

ಸ್ವಲ್ಪವನ್ನು ಕಂಡು ಬಹುವನ್ನು ನಿರ್ಣಯಿಸುವುದು ಮನುಷ್ಯಬುದ್ಧಿಗೆ ಸಹಜವಾದುದು. ಅದಿಲ್ಲದೆ ಲೋಕವ್ಯವಹಾರವೇ ಸಾಗದು. ಆದರೆ ಈ ಜಿಗಿತವು ಎಲ್ಲೆ ಮೀರಿದಾಗ ಅದಕ್ಕೆ ಕೊಡುವ ಹೆಸರುಗಳಲ್ಲಿ ಈಚಿನ ಬರಹಗಾರರು ಬಹಳ ಸಂಕರವನ್ನುಂಟುಮಾಡಿರುವರು. ಒಬ್ಬರು ಅದನ್ನು ಸಾಮಾನ್ಯೀಕರಣವೆಂದು ಹಳಿಯುವರು, ಮತ್ತೊಬ್ಬರು ಅತಿವ್ಯಾಪ್ತಿಯೆನ್ನುವರು, ಇನ್ನೊಬ್ಬರು ಅತಿಪ್ರಸಂಗವೆನ್ನುವರು. ಹೆಸರು ತಪ್ಪಿದರೆ ರೋಗಕ್ಕೆ ಮದ್ದೂ ತಪ್ಪುವುದು. ಚರಿತ್ರೆಯ ವಿಷಯದಲ್ಲಂತೂ ಈ ತಪ್ಪಿನಿಂದ ನಾಡು ನಾಡುಗಳ ನಡುವೆ ಮನಸ್ತಾಪವೂ ಹುಟ್ಟಬಲ್ಲುದು.

ಶಬ್ದಗಳ ಭೇದವನ್ನು ಮೊದಲು ನೋಡಬೇಕು. ಸಾಮಾನ್ಯೀಕರಣವೆಂಬುದು ದೋಷದ ಹೆಸರಲ್ಲ. ಅನೇಕ ವಿಶೇಷಗಳಿಂದ ಒಂದು ಸಾಮಾನ್ಯವನ್ನು ಎತ್ತಿಕೊಳ್ಳುವ ಕ್ರಿಯೆ ಮಾತ್ರ. ಅತಿವ್ಯಾಪ್ತಿಯಾದರೋ ಲಕ್ಷಣದ ದೋಷ. ಕೊಂಬುಳ್ಳದ್ದೇ ಗೋವು ಎಂದರೆ ಆ ಲಕ್ಷಣವು ಎಮ್ಮೆಗೂ ಹೋಗಿ ತಗಲುವುದು. ಕಪಿಲವರ್ಣದ್ದೇ ಗೋವು ಎಂದರೆ ಬಿಳಿಯ ಹಸು ಹೊರಗುಳಿಯುವುದು, ಅದು ಅವ್ಯಾಪ್ತಿ. ಸವ್ಯಭಿಚಾರವು ಲಕ್ಷಣದ ದೋಷವಲ್ಲ, ಹೇತುವಿನ ದೋಷ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದರೆ ಕಮ್ಮಾರನ ಕುಲುಮೆಯ ಕಾದ ಕಬ್ಬಿಣದ ಗುಂಡೇ ಸುಳ್ಳೆಂದು ಸಾರುವುದು. ಹೊಗೆ ಏಳುವುದಕ್ಕೆ ಹಸಿ ಸೌದೆ ಬೇಕು. ಮರೆತುಹೋದ ಆ ನಿಬಂಧನೆಗೆ ಉಪಾಧಿಯೆಂದು ಹೆಸರು. ಅತಿಪ್ರಸಂಗವೆಂದರೆ ಒಂದು ನಿಯಮವನ್ನು ಒಪ್ಪಿದ ಮಾತ್ರಕ್ಕೆ ಬೇಡದ ಎಡೆಗೂ ಅದು ಹರಿದುಹೋಗುವ ಆಪತ್ತು.

ಇನ್ನು ಸ್ಥಾಲೀಪುಲಾಕ ನ್ಯಾಯ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿದರೆ ಸಾಕು. ಒಂದೇ ಪಾತ್ರೆ, ಒಂದೇ ಅಕ್ಕಿ, ಒಂದೇ ಉರಿ ಇರುವುದರಿಂದ ಆ ನ್ಯಾಯವು ನಿಲ್ಲುವುದು. ಕೊಟ್ಟೂರಿನ ಗುರುಬಸವೇಶ್ವರನ ತೇರಿನ ದಿನ ಬಂದ ಪರಸ್ಥಳದವನು, ಈ ಊರಿನ ಬೀದಿಗಳಲ್ಲಿ ವರ್ಷವೆಲ್ಲ ಕಾಲಿಡಲು ಎಡೆಯಿರದೆಂದು ಹೇಳಿದರೆ ಆ ನ್ಯಾಯವನ್ನು ಕೆಡಿಸಿದಂತಾಯಿತು. ಕನ್ನಡದಲ್ಲಿ ಅನುಮಾನವೆಂಬ ಮಾತಿಗೆ ಸಂಶಯವೆಂಬರ್ಥವೇ ರೂಢವಾಗಿದೆ. ತರ್ಕಶಾಸ್ತ್ರದಲ್ಲಿ ಅದು ನಿಶ್ಚಯಜ್ಞಾನದ ಸಾಧನ. ಚರಿತ್ರಕಾರನು ಎರಡರ್ಥವನ್ನೂ ಒಟ್ಟಿಗೆ ಇಟ್ಟುಕೊಂಡಿರುವುದು ಕ್ಷೇಮಕರ.

ಈ ಭೇದಗಳ ಉಪಯೋಗವನ್ನು ತೋರಿಸಲು ಹೂವಿನ ಹಡಗಲಿ ತಾಲ್ಲೂಕಿನ ಒಂದು ಪ್ರಸಿದ್ಧ ಉದಾಹರಣೆಯೇ ಸಾಕು. ಆ ತಾಲ್ಲೂಕಿನ ಹಿರೇಹಡಗಲಿಯಲ್ಲಿ ಪಲ್ಲವ ದೊರೆ ಶಿವಸ್ಕಂದವರ್ಮನ ತಾಮ್ರಪಟಗಳು ದೊರೆತವು. ಅದರ ಭಾಷೆ ಪ್ರಾಕೃತ. ಕೊನೆಯ ಮಂಗಲವಾಕ್ಯ ಮಾತ್ರ ಸಂಸ್ಕೃತ. ಕ್ರಿ. ಶ. ನಾಲ್ಕನೆಯ ಶತಮಾನದ್ದೆಂದು ಎಣಿಸಲ್ಪಟ್ಟಿರುವ ಇದನ್ನು ಬ್ಯೂಲರ್ ಪಂಡಿತರು ಎಪಿಗ್ರಾಫಿಯಾ ಇಂಡಿಕಾದ ಮೊದಲನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಾಂಚೀಪುರದಿಂದ ಹೊರಟ ಈ ಶಾಸನವು 'ಸಾತಾಹನಿರಟ್ಠ'ವೆಂಬ ನಾಡಿನ ಒಂದು ಗ್ರಾಮದ ದಾನವನ್ನು ಹೇಳುವುದು. ಆದವಾನಿ ಸೀಮೆಯ ಮ್ಯಾಕದೋನಿಯ ಬಂಡೆಯ ಮೇಲೆ, ಸಾತವಾಹನ ಪುಳುಮಾವಿಯ ಎಂಟನೆಯ ಆಳಿಕೆಯ ವರ್ಷದಲ್ಲಿ ಕೆರೆಯೊಂದನ್ನು ಕಟ್ಟಿಸಿದ ಸಂಗತಿಯುಂಟು. ಅಲ್ಲಿಯೂ 'ಸಾತವಾಹನಿಹಾರ'ವೆಂಬ ನಾಡು ಬರುವುದು. ಅಂದು ಈ ಎರಡು ಊರುಗಳೂ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು.

ಮುಂದೆ ಮಹಾಭಾರತದ ಪರಿಷ್ಕರಣದಿಂದ ವಿಖ್ಯಾತರಾದ ವಿಷ್ಣು ಸೀತಾರಾಮ ಸುಕ್ಥಂಕರರು ಸುಮಾರು 1919ರಲ್ಲಿ, ಪುಣೆಯ ಭಾಂಡಾರಕರ ಸಂಸ್ಥೆಯ ಪತ್ರಿಕೆಯಲ್ಲಿ, ಈ ಎರಡು ಶಾಸನಗಳನ್ನು ಮುಂದಿಟ್ಟು ಸಾತವಾಹನರ ಮೂಲಸ್ಥಾನವು ಬಳ್ಳಾರಿಯ ಸೀಮೆಯೆಂದು ವಾದಿಸಿದರು. ಪುರಾಣಗಳಲ್ಲಿ ಈ ಅರಸರಿಗೆ ಆಂಧ್ರರೆಂಬ ಹೆಸರಿರುವುದರಿಂದ ಅವರ ಜನ್ಮಭೂಮಿ ತೆಲುಗುದೇಶವೇ ಎಂಬ ಮತವು ಆಗ ಬಲವಾಗಿತ್ತು. ಅರಸರು ತಮ್ಮ ಶಾಸನಗಳಲ್ಲಿ ತಮ್ಮನ್ನು ಆಂಧ್ರರೆಂದು ಕರೆದುಕೊಂಡಿಲ್ಲ. ಆ ಮತವನ್ನು ಅಲುಗಿಸಿದ್ದು ಸುಕ್ಥಂಕರರ ಉಪಕಾರವೇ ಸರಿ. ಆದರೆ ಅವರು ಅದರ ಸ್ಥಾನದಲ್ಲಿ ನಿಲ್ಲಿಸಿದ ಸಿದ್ಧಾಂತವು ಪರೀಕ್ಷೆಯಲ್ಲಿ ನಿಲ್ಲುವುದೇ?

ಯಾವ ನಾಡಿಗೆ ವಂಶದ ಹೆಸರಿದೆಯೋ ಅದು ಆ ವಂಶದ ಹುಟ್ಟುನೆಲವೆಂಬುದು ಇಲ್ಲಿಯ ಹೇತು. ಅದು ವ್ಯಭಿಚರಿಸುವುದು. ಹನ್ನೊಂದನೆಯ ಶತಮಾನದಲ್ಲಿ ಚೋಳರು ಗಂಗವಾಡಿಗೆ ಮುಡಿಗೊಂಡಚೋಳಮಂಡಲವೆಂದೂ ನೊಳಂಬವಾಡಿಯ ಭಾಗಕ್ಕೆ ನಿಗರಿಲಿಚೋಳಮಂಡಲವೆಂದೂ ಹೆಸರಿಟ್ಟರು. ಚೋಳರು ಅಲ್ಲಿ ಹುಟ್ಟಿದವರೆಂದು ಯಾರೂ ಹೇಳರು. ನೊಳಂಬರ ಅಧಿಕಾರ ಅಳಿದ ಮೇಲೆಯೂ ನೊಳಂಬವಾಡಿಯೆಂಬ ಹೆಸರು ಚಾಲುಕ್ಯರ ಕಾಲದಲ್ಲಿ ಉಳಿದಿತ್ತು. ಹೆಸರು ಗೆಲುವಿನಿಂದಲೂ ಬರುವುದು, ವಂಶವು ಅಳಿದ ಮೇಲೆಯೂ ಉಳಿಯುವುದು. ವಂಶದ ಆರಂಭಕಾಲದಲ್ಲಿಯೇ ಆ ಹೆಸರು ಇತ್ತೆಂದು ತೋರಿದ್ದರೆ ಹೇತುವಿಗೆ ಬಲ ಬರುತ್ತಿತ್ತು. ಮರೆತುಹೋದ ಉಪಾಧಿಯು ಇದೇ. ಮ್ಯಾಕದೋನಿಯ ಬರಹವೂ ಹಿರೇಹಡಗಲಿಯ ಪಟಗಳೂ ಆರಂಭಕಾಲಕ್ಕೆ ಬಹು ಈಚಿನವು. ಮೊದಲಿನ ಅರಸರ ಶಾಸನಗಳಿರುವುದು ನಾಸಿಕ, ನಾಣೇಘಾಟಗಳಲ್ಲಿ. ಅವರಲ್ಲಿ ಮೊದಲಿಗನೆನಿಸಿದ ಛಿಮುಕನ ಹೆಸರು ತೆಲಂಗಾಣದ ಕೋಟಿಲಿಂಗಾಲದ ನಾಣ್ಯಗಳಲ್ಲಿಯೂ ಕಲಬುರಗಿ ಜಿಲ್ಲೆಯ ಕನಗನಹಳ್ಳಿಯ ಸ್ತೂಪದ ಶಿಲ್ಪಲೇಖದಲ್ಲಿಯೂ ದೊರೆತಿದೆ.

ಅತಿವ್ಯಾಪ್ತಿಯು ಮತ್ತೊಂದು ಕಡೆಯಲ್ಲಿದೆ. 'ಬಳ್ಳಾರಿ ಜಿಲ್ಲೆ'ಯೆಂಬುದು ಆಂಗ್ಲರ ಆಡಳಿತವು ಎಳೆದ ಗೆರೆ. ಸಾತವಾಹನಿಹಾರಕ್ಕೆ ಅದನ್ನೇ ಲಕ್ಷಣವಾಗಿ ಕೊಟ್ಟರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳೂ ಸಾಕ್ಷ್ಯವಿಲ್ಲದೆ ಅದರೊಳಗೆ ಬೀಳುವುವು. ಬಂಡೆಯು ಇದ್ದಲ್ಲಿಯೇ ಇರುವುದು. ತಾಮ್ರಪಟವು ಒಡೆಯನ ಜೊತೆಗೆ ಊರೂರು ಅಲೆಯಬಲ್ಲುದು. ಆದ್ದರಿಂದ ಪಟವು ದೊರೆತ ಊರೇ ದತ್ತವಾದ ನೆಲವೆಂದು ಹೇಳಲಾಗದು. ಶಾಸನವು ಪ್ರಾಕೃತದಲ್ಲಿರುವುದರಿಂದ ಅಂದಿನ ಹಡಗಲಿಯ ರೈತನು ಪ್ರಾಕೃತವಾಡಿದನೆಂಬುದೂ ಅಂತಹದೇ ವ್ಯಭಿಚಾರ. ದಾನಪತ್ರವನ್ನು ಬರೆಯಿಸಿದ್ದು ಕಾಂಚಿಯ ಅರಮನೆ.

ಈ ವಿವೇಕದ ಆವಶ್ಯಕತೆ ಪುಸ್ತಕದೊಳಗಿನದು ಮಾತ್ರವಲ್ಲ. 1953ನೆಯ ಅಕ್ಟೋಬರ್ 1ರಂದು ಜಿಲ್ಲೆಯು ಒಡೆಯಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದುವು. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಮೊದಲಾದವು ಮೈಸೂರಿಗೆ ಬಂದುವು. ಹಡಗಲಿಯು 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಒಂದೇ ನಾಡಿನ ಹೆಸರನ್ನು ಹೊತ್ತ ಎರಡು ಶಾಸನಗಳ ಊರುಗಳು ಹೀಗೆ ಎರಡು ರಾಜ್ಯಗಳ ಪಾಲಾದುವು. ಪುರಾಣದ ಒಂದು ಶಬ್ದದಿಂದ ಅರಸರನ್ನೆಲ್ಲ ತೆಲುಗರೆನ್ನುವವರೂ, ನಾಡಿನ ಒಂದು ಹೆಸರಿನಿಂದ ಅವರನ್ನೆಲ್ಲ ಕನ್ನಡಿಗರೆನ್ನುವವರೂ ಮಾಡುವ ತಪ್ಪು ಒಂದೇ. ತಮ್ಮ ಕಡೆಯದೆಂಬ ಕಾರಣದಿಂದ ಅದು ಗುಣವಾಗದು.

ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದು ಅಲ್ಪವೇನಲ್ಲ. ಸಾತವಾಹನರ ಆಳಿಕೆಯು ಈ ಸೀಮೆಯನ್ನು ಮುಟ್ಟಿತ್ತು. ಇಲ್ಲಿ ಗೃಹಸ್ಥನೊಬ್ಬನು ಕೆರೆ ಕಟ್ಟಿಸಿದ್ದನು. ಅರಸರು ಹೋದ ಮೇಲೆಯೂ ಅವರ ಹೆಸರು ಪಲ್ಲವರ ದಾನಪತ್ರದಲ್ಲಿ ಬದುಕಿತ್ತು. ಇವು ಶಾಸನಗಳು ತಾವಾಗಿ ಕೊಟ್ಟ ಮಾತುಗಳು. ಹಡಗಲಿಯ ಕೀರ್ತಿಗೆ ಅವು ಸಾಕು. ಅದಕ್ಕಿಂತ ಹೆಚ್ಚನ್ನು ಹೇಳುವವನು ಮೊದಲು ತನ್ನ ಹೇತುವನ್ನು ಕುಲುಮೆಯ ಕಬ್ಬಿಣದ ಗುಂಡಿನೆದುರು ಹಿಡಿದು ನೋಡಲಿ.