ಭತ್ತ ಮತ್ತು ಪ್ಯಾಡಿ

ಗದ್ದೆಯಲ್ಲಿ ನಿಂತ ಬೆಳೆಗೂ ಹೊಟ್ಟು ಬಿಡಿಸದ ಕಾಳಿಗೂ ಇಂಗ್ಲಿಷಿನಲ್ಲಿರುವ ಹೆಸರು ‘ಪ್ಯಾಡಿ’. ಸಿಂಧನೂರಿನ ರೈಸ್ ಮಿಲ್ಲುಗಳ ಲೆಕ್ಕಪತ್ರಗಳಲ್ಲಿ ದಿನವೂ ಓಡಾಡುವ ಈ ಪದ ಇಂಗ್ಲೆಂಡಿನ ಮಣ್ಣಿನದಲ್ಲ. ನಿಘಂಟುಗಳು ಅದರ ಮೂಲವನ್ನು ಮಲಯ ಭಾಷೆಯ ‘ಪಾದಿ’ಯಲ್ಲಿ ಗುರುತಿಸುತ್ತವೆ. ಜಾವಾದಲ್ಲಿ ಅದೇ ‘ಪಾರಿ’. 1580ರಲ್ಲಿ ಜಾವಾ ಮುಟ್ಟಿದ ಫ್ರಾನ್ಸಿಸ್ ಡ್ರೇಕನ ಯಾನದ ವರದಿಯಲ್ಲಿ ಅಲ್ಲಿನ ಪದಗಳ ಪಟ್ಟಿಯಿದ್ದು, ಈ ಪದವೂ ಅದರಲ್ಲಿ ಸೇರಿದೆ.

ಆದರೆ 1886ರಲ್ಲಿ ಹೊರಬಂದ ಯೂಲ್ ಮತ್ತು ಬರ್ನೆಲ್ ಅವರ ‘ಹಾಬ್ಸನ್-ಜಾಬ್ಸನ್’ ಕೋಶ ಈ ಪದಕ್ಕೆ ಎರಡು ಬೇರುಗಳಿರಬಹುದು ಎನ್ನುತ್ತದೆ. ಪಶ್ಚಿಮ ಕರಾವಳಿಯ ಬಗ್ಗೆ ಬರೆದವರಲ್ಲಿ ಕೆಲವರು ‘ಬ್ಯಾಟಿ’ ಎಂದು ಬಳಸುತ್ತಿದ್ದರು. ಅದು ಕನ್ನಡದ ಬತ್ತ ಅಥವಾ ಭತ್ತ, ಪ್ಯಾಡಿಯ ಬಳಕೆ ಹಬ್ಬಲು ಅದೂ ಒತ್ತಾಸೆಯಾಗಿರಬೇಕು ಎಂಬುದು ಕೋಶಕಾರರ ಊಹೆ. ಊಹೆ ಒಪ್ಪುವಂಥದ್ದೇ. ಮಲಯದ ಪದ ಹಡಗು ಹತ್ತಿ ಬಂದಾಗ ಅದೇ ಅರ್ಥದ, ಹೆಚ್ಚುಕಡಿಮೆ ಅದೇ ಸದ್ದಿನ ಪದ ಬಂದರಿನಲ್ಲೇ ಇತ್ತು.

ಭತ್ತದ ಹಿಂದೆ ಸಂಸ್ಕೃತದ ‘ಭಕ್ತ’ ಇದೆ. ‘ಭಜ್’ ಎಂದರೆ ಹಂಚು. ಹಂಚಿ ಬಂದ ಪಾಲು ಊಟವಾಯಿತು, ಊಟ ಬೇಯಿಸಿದ ಅನ್ನವಾಯಿತು. ಗುಡಿಯ ಭಕ್ತನೂ ಇದೇ ಧಾತುವಿನವನು. ಹಿಂದಿಯ ‘ಭಾತ್’ ಅನ್ನದಲ್ಲೇ ನಿಂತಿತು. ಕನ್ನಡದಲ್ಲಿ ಅರ್ಥ ತಟ್ಟೆಯಿಂದ ಕಣಕ್ಕೆ ಸರಿಯಿತು. ವಾಂಗೀಬಾತಿನ ‘ಬಾತು’ ಅದೇ ಪದ, ಮರಾಠಿಯ ದಾರಿಯಲ್ಲಿ ಮತ್ತೊಮ್ಮೆ ಬಂದದ್ದು. ಇವೆಲ್ಲವುಗಳ ಜೊತೆಗೆ ಕನ್ನಡಕ್ಕೆ ತಮಿಳಿನೊಡನೆ ಹಂಚಿಕೊಂಡ ‘ನೆಲ್’ ಇದೆ. ರಾಯಚೂರು ಸೀಮೆಯ ರೈತರ ಬಾಯಲ್ಲಿ ನೆಲ್ಲು ಇಂದಿಗೂ ಉಂಟು.

ಈ ಸೀಮೆ ಮೊದಲು ಹೆಸರಾದದ್ದು ಜೋಳಕ್ಕೆ. 1945ರಲ್ಲಿ ಕೆಲಸ ಶುರುವಾದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯತೊಡಗಿದ ಮೇಲೆ, ಎಡದಂಡೆ ಕಾಲುವೆಯ ಆಸುಪಾಸಿನ ಸಿಂಧನೂರಿನ ಎರೆಹೊಲಗಳು ಒಂದೊಂದಾಗಿ ಗದ್ದೆಗಳಾದವು. ಲಿಂಗಸುಗೂರು, ಮಸ್ಕಿ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಸಜ್ಜೆ, ತೊಗರಿ, ಜೋಳ ಮುಂದುವರಿದವು. ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದು ‘ಕ್ಯಾಂಪು’ ಕಟ್ಟಿಕೊಂಡ ರೈತರು ಸಸಿ ಹಚ್ಚುವ ಕಸುಬಿನ ಜೊತೆ ತೆಲುಗಿನ ‘ವರಿ’, ‘ವಡ್ಲು’ ಎಂಬ ಮಾತುಗಳನ್ನೂ ತಂದರು. ವರಿಯ ಹಳೆಯ ದ್ರಾವಿಡ ರೂಪಕ್ಕೂ ಸಂಸ್ಕೃತದ ‘ವ್ರೀಹಿ’ಗೂ ನಂಟಿದೆ ಎಂದು ಕೆಲವು ಭಾಷಾವಿಜ್ಞಾನಿಗಳು ವಾದಿಸುತ್ತಾರೆ. ವ್ರೀಹಿಗೆ ಸೋದರವಾದ ಇರಾನಿ ಪದವೊಂದು ಗ್ರೀಕಿನಲ್ಲಿ ‘ಒರುಜಾ’ ಆಗಿ, ಲ್ಯಾಟಿನ್, ಇಟಾಲಿಯನ್, ಫ್ರೆಂಚ್ ದಾಟಿ ಇಂಗ್ಲಿಷಿನಲ್ಲಿ ‘ರೈಸ್’ ಆಯಿತು.