ನೀರು ತಂತಿಯಲ್ಲಿ ಹೋದ ಮೇಲೆ ಜೋಗ

ನಮ್ಮ ಅಣ್ಣಾ ನಗರ್ ಟವರ್ ಪಾರ್ಕಿನ ಗೋಪುರಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. 1968ರ ವ್ಯಾಪಾರ ಮೇಳಕ್ಕಾಗಿ ಅದು ಎದ್ದಿತು. ಅಷ್ಟರಲ್ಲಿ ಅವರ ಮೈಸೂರು ನಾಡಿನ ಜೋಗ ಜಲಪಾತ ಬೇರೆಯೇ ಊರಾಗಿತ್ತು. ನನ್ನ ತವರು ಸಾಗರ ತಾಲ್ಲೂಕು. ಆ ಕಥೆಯನ್ನು ಇಲ್ಲಿ ಹೇಳಬೇಕೆನಿಸಿತು.

ಶರಾವತಿಯ ಒಂದು ದಡ ಮೈಸೂರು ಸಂಸ್ಥಾನದ್ದು, ಇನ್ನೊಂದು ಮುಂಬಯಿ ಪ್ರಾಂತ್ಯದ್ದು. ಎರಡೂ ಕಡೆ ಬಂಗಲೆಗಳಿದ್ದವು. ರಾಜ, ರಾಣಿ, ರೋರರ್, ರಾಕೆಟ್ 830 ಅಡಿ ಧುಮುಕುವುದನ್ನು ಮಳೆ ನಿಂತ ಮೇಲೂ ನೋಡಬಹುದಿತ್ತು. 1940ರಲ್ಲಿ ರೈಲು ತಾಳಗುಪ್ಪಕ್ಕೆ ಬಂತು. 1948ರಲ್ಲಿ ಮಹಾತ್ಮ ಗಾಂಧಿ ವಿದ್ಯುದಾಗಾರ ಶುರುವಾಯಿತು. 1964ರ ಲಿಂಗನಮಕ್ಕಿ ಅಣೆಕಟ್ಟು ಎಲ್ಲವನ್ನೂ ಬದಲಿಸಿತು. ನೀರು ಕಾಲುವೆ ಹಿಡಿದು ತಳಕಳಲೆಗೆ, ಅಲ್ಲಿಂದ ಕೊಳವೆಗಳಲ್ಲಿ ಶರಾವತಿ ವಿದ್ಯುದಾಗಾರಕ್ಕೆ ಇಳಿಯತೊಡಗಿತು. ಅಂದರೆ ಆ ನೀರು ಜಲಪಾತದ ಮೇಲೆ ಹಾಯುವುದೇ ಇಲ್ಲ.

ಊರು ಕೂಡಲೇ ಬಡವಾಗಲಿಲ್ಲ. ಜೋಗ, ಕಾರ್ಗಲ್‌ಗಳಲ್ಲಿ ಕಾಲೊನಿ, ಶಾಲೆ, ಆಸ್ಪತ್ರೆ ಬಂದವು. ಪ್ರವಾಸಿಯ ಪುಡಿಗಾಸಿನ ಬದಲು ತಿಂಗಳ ಸಂಬಳ ಅಂಗಡಿಗಳನ್ನು ನಡೆಸಿತು. ಆದರೆ ಅಣೆಕಟ್ಟು ಕಟ್ಟಲು ಬೇಕಾದಷ್ಟು ಕೈಗಳು ಯಂತ್ರ ನಡೆಸಲು ಬೇಕಿಲ್ಲ. ಕೆಲಸ ಮುಗಿದಂತೆ ಜನ ಹೊರಟರು, ಎಷ್ಟೋ ಕ್ವಾರ್ಟರ್ಸ್‌ಗಳಿಗೆ ಬೀಗ ಬಿತ್ತು. ಅತ್ತ ಮುಳುಗಡೆಯಾದ ಹಳ್ಳಿಗಳವರು ಗದ್ದೆ, ತೋಟ ಬಿಟ್ಟು ಎದ್ದು ಹೋಗಿದ್ದರು.

ಉಳಿದದ್ದು ಮಳೆಗಾಲದ ಪ್ರವಾಸೋದ್ಯಮ. ಈಗ ಜೋಳ ಸುಡುವಾಕೆ, ಚಹಾ ಅಂಗಡಿಯವರು, ಹೋಂಸ್ಟೇಯಲ್ಲಿ ಅಡುಗೆ ಮಾಡುವ ಅಕ್ಕಂದಿರು ವರ್ಷದ ದುಡಿಮೆಯ ದೊಡ್ಡ ಪಾಲನ್ನು ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಶನಿವಾರ, ಭಾನುವಾರಗಳಲ್ಲೇ ಕಾಣಬೇಕು. ಜಲಾಶಯ ತುಂಬಿ ಗೇಟು ತೆಗೆದರೆ ಜಾತ್ರೆ. ತುಂಬದ ವರ್ಷ, ಸಾಲದ ವರ್ಷ. ಬೇಸಿಗೆಯಲ್ಲಿ ಬಂದವರು ಬರಿಬಂಡೆ ನೋಡಿ, ಗಾಡಿ ತಿರುಗಿಸಿಕೊಂಡು ಹೋಗುತ್ತಾರೆ.

ಅಣೆಕಟ್ಟು ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ದಿನವಿಡೀ ಸರ್ವರ್‌ಗಳೊಡನೆ ದುಡಿಯುವ ನನಗೆ ಕರೆಂಟಿನ ಬೆಲೆ ಗೊತ್ತು. ಶರಾವತಿ ವಿದ್ಯುದಾಗಾರದ 1,035 ಮೆಗಾವಾಟ್ ಕರ್ನಾಟಕದ ಊರೂರಿಗೆ ಬೆಳಕು ಕೊಟ್ಟಿದೆ. ಜೋಗದ ಸಂಪತ್ತು ನಾಶವಾಗಲಿಲ್ಲ, ತಂತಿ ಹಿಡಿದು ಬೇರೆ ಊರುಗಳಿಗೆ ಹೋಯಿತು. ಹೋದದ್ದರಲ್ಲಿ ಒಂದು ಪಾಲು ಹುಟ್ಟಿದೂರಿಗೆ ವರ್ಷವಿಡೀ ಹಿಂದಿರುಗಬೇಕು ಎಂಬುದಷ್ಟೇ ನನ್ನ ಮಾತು. ಗೇಟು ತೆಗೆಯುವ ಸಾಧ್ಯತೆಯನ್ನು ಕೆಲವು ದಿನ ಮೊದಲೇ ತಿಳಿಸಿದರೂ ಅಲ್ಲಿನವರಿಗೆ ಅನುಕೂಲ.

ನಾವೂ ಮಾಡಬಹುದಾದದ್ದು ಒಂದಿದೆ. ಮುಂದಿನ ಸಲ ಊರಿಗೆ ಹೋದಾಗ ಜೋಗಕ್ಕೆ ಹೋಗಿ, ಫೋಟೋ ತೆಗೆದು ಓಡಿಬರಬೇಡಿ. ಒಂದು ರಾತ್ರಿ ಅಲ್ಲೇ ಉಳಿದು, ಅಲ್ಲೇ ಉಣ್ಣಿ.